ದೋಣಿಗೊಂದು ತೂತು

ಹಲೋ... ಯಾರು ಮಾತಾಡ್ತಿರೋದು? ಭಾವಾನಾ? ನಾನು, ನಿಮ್ಮ ತಂಗಿ ಗಂಡ. ನಮ್ಮ ದೋಣಿಮನೆಯಿಂದ...

ಹಾಂ, ನಿಮ್ಮ ಅಂಗಡಿಯಿಂದ ತಂದ ಚಕ್ರದ ಮೇಲೆ ಉರುಳೋ ಎಸೀನ ಕ್ಯಾಬಿನ್‌ನಲ್ಲಿ ಇಟ್ಟೆ. ಬೆಳಗ್ಗಿಂದ ಓಡ್ತಾನೇ ಇದೆ. ತಣ್ಣಗಾ? ಒಳಗೆ ಕಾಲಿಟ್ರೆ ಒಲೆಗೆ ಕಾಲಿಟ್ಟ ಹಾಗಿದೆ. ಹೊರಗೆ ಬಿಸಿಲಲ್ಲಿ ಕೂತಿದೀನಿ, ಇಲ್ಲೇ ವಾಸಿ...

ಹಿಂದಿನ ದಪ್ಪ ಪೈಪಾ? ಬಿಟ್ಟಿದೀನಲ್ಲ. ಎಲ್ಲಿಗೆ ಅಂದ್ರೆ... ಬಟ್ಟೆ ಬೀರು ಒಳಗೆ. ಬಾಗಿಲು ಭದ್ರವಾಗಿ ಹಾಕಿದೀನಿ...

ನಗಬೇಡಿ ಭಾವ. ಬಿಸಿ ಗಾಳಿ ಅಲ್ಲೇ ತೆಪ್ಪಗೆ ಬಿದ್ದಿರುತ್ತೆ ಅಂದ್ಕೊಂಡೆ... ಹೂಂ, ಒಪ್ಕೊಂಡೆ, ತಲೇಲಿ ಏನೂ ಇಲ್ಲ. ಎಸಿ ರಿಪೇರಿ ಮಾಡೋರು ನೀವು, ಈಗೇನು ಮಾಡ್ಲಿ ಹೇಳಿ...

ಪೈಪ್ ಹೊರಗೇ ಹೋಗ್ಬೇಕಾ? ಎಲ್ಲಿಂದ? ಕಿಟಕಿ ಊಟದ ತಟ್ಟೆಯಷ್ಟಿದೆ, ಗಾಜು ತೆಗೆಯೋಕೆ ಬರಲ್ಲ. ಬಾಗಿಲಿಂದ ಬಿಟ್ರೆ ಬಾಗಿಲು ಮುಚ್ಚಲ್ಲ...

ಏನಂದ್ರಿ?... ತೂತಾ? ದೋಣಿಗಾ? ಭಾವ, ಊರವರ ದೋಣಿ ತೂತು ಮುಚ್ಚಿಯೇ ಹೊಟ್ಟೆ ಹೊರೀತಿರೋನು ನಾನು! ಸ್ವಂತ ದೋಣಿಗೆ ನಾನೇ ತೂತು ಕೊರೆದ್ರೆ ಗಿರಾಕಿಗಳು ಏನಂತಾರೆ?... ನೀರಿಗಿಂತ ಮೇಲೆ, ಗೊತ್ತು. ಆದ್ರೂ ತೂತು ತೂತೇ ಅಲ್ವಾ...

ಹೂಂ... ಅದೂ ನಿಜ. ಸೆಖೆ ತಡೆಯೋಕಾಗಲ್ಲ ಅಂತ ತಾನೇ ನಿಮ್ಮ ತಂಗಿ ನಿಮ್ಮನೆಗೆ ಬಂದು ಕೂತಿರೋದು. ಇನ್ನು ದೋಣಿಗೆ ಕಾಲಿಡಲ್ಲ ಅಂದ್ಬಿಟ್ಟಿದಾಳೆ... ಹಾಂ? ನಿಮ್ಮನೇಲೂ ಪಾತ್ರೆಪಗಡ ಎಲ್ಲ ಜಾಗ ಬದಲಾಯಿಸಿದ್ಲಾ? ಹಾಗಾದ್ರೆ ಅವಳನ್ನ ಕಳಿಸೋಕೆ ನಿಮಗೂ ಅವಸರಾನೇ! ಸರಿ, ಫೋನ್ ಇಡಬೇಡಿ. ಡ್ರಿಲ್ ತಗೋತೀನಿ...

...ಇದೀರಾ? ಕೊರೆದಾಯ್ತು. ಪೈಪ್ ಸಿಗಿಸ್ದೆ... ಹಾಂ, ಬಂತು! ತಣ್ಣಗೆ ಬಂತು! ಅವಳನ್ನ ಕರೀರಿ, ನಾನೇ ಹೇಳ್ತೀನಿ...

ಹಲೋ, ನೀನಾ? ಕೇಳು, ಕ್ಯಾಬಿನ್ ತಣ್ಣಗಾಗ್ತಿದೆ. ಜಾಗಾನಾ? ಇದೆಯಲ್ಲ. ಮಂಚಕ್ಕೂ ಎಸಿಗೂ ಮಧ್ಯೆ ಒಂದು ಕಾಲು ಇಡಬಹುದು. ಇನ್ನೊಂದು ಕಾಲಿನ ವಿಷಯ ಆಮೇಲೆ ನೋಡೋಣ. ಹೊರಡ್ತೀಯಾ?...

ಏನು?... ಸೆಖೆಗೆ ಹೋಗಿದ್ದಲ್ವಾ? ಮತ್ಯಾಕೆ?... ಗೊರಕೇನಾ? ನನ್ನ ಗೊರಕೆಗಾ?...

ಅಣ್ಣನ ಮುಂದೆ ಗಂಡನ ಮರ್ಯಾದೆ ಯಾಕೆ ತೆಗೀಲಿ ಅಂತ ಸೆಖೆ ಅಂದ್ಯಾ? ದೊಡ್ಡ ಉಪಕಾರ ಆಯ್ತು ಕಣೇ. ಮರ್ಯಾದೆ ಉಳೀತು, ದೋಣಿ ತೂತಾಯ್ತು...

ಇಲ್ಲಪ್ಪ, ಕೋಪ ಏನಿಲ್ಲ. ಬಾ ನೀನು. ಗೊರಕೆ ಈಗ ನಿಂತೇ ಹೋಗಿದೆ, ನಿನ್ನಾಣೆ... ಔಷಧೀನಾ? ಯಾವ ಔಷಧೀನೂ ಇಲ್ಲ. ನೀನು ಹೋದಾಗಿಂದ ನಿದ್ದೇನೇ ಇಲ್ಲ ಕಣೇ. ನಿದ್ದೆ ಬಂದ್ರೆ ತಾನೇ ಗೊರಕೆ...

ಈ ಎಸಿ ಸದ್ದಲ್ಲಿ ಸರಿಯಾಗಿ ಕೇಳಿಸ್ತಿಲ್ಲ ಕಣೇ... ಹಾಂ? ಏನಂದೆ? ಬರ್ತೀನಿ ಅಂದ್ಯಾ?... ಹಲೋ?... ಬರ್ತೀನಿ ಅಂದ್ಯಾ, ಬರಲ್ಲ ಅಂದ್ಯಾ?... ಹಲೋ...