ಭಾವನವರ ಕಾರಿನ ಫ್ಯೂಸ್ ವಿಚಾರ

ಟೈಲರಮ್ಮ ಎಂದು ಬೀದಿಗೆಲ್ಲ ಗೊತ್ತಿರುವ ನಾನು, ವಯಸ್ಸು 56 ವರ್ಷ, ಉದ್ಯೋಗ ಮನೆಯಲ್ಲೇ ಬಟ್ಟೆ ಹೊಲಿಗೆ, ವಾಸ ಬಸ್ ಡಿಪೋ ಹಿಂದಿನ ಮೂರನೇ ಬೀದಿ, ಹನ್ನೊಂದನೇ ಮನೆ, ಈ ದಿನ ಶನಿವಾರ ಸಂಜೆ 5.35ಕ್ಕೆ ನಡೆದುಕೊಂಡು ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನನ್ನ ಅಕ್ಕನ ಗಂಡನ, ಅಂದರೆ ಭಾವನವರ, ಹೊಸ ಕಾರಿನಿಂದ ಫ್ಯೂಸ್ ಕಾಣೆಯಾದ ಬಗ್ಗೆ ನನಗೆ ಗೊತ್ತಿರುವುದು ಇಷ್ಟು.

ನನ್ನ ಮಗಳಿಗೆ ಏಳೂವರೆ ತಿಂಗಳಿಗೇ ಹೆರಿಗೆಯಾಗಿದ್ದು, ಮಗು 28 ದಿನದಿಂದ ಆಸ್ಪತ್ರೆಯಲ್ಲಿತ್ತು. ಬೆಳಿಗ್ಗೆ 8.40ಕ್ಕೆ ಮಗಳು ಫೋನ್ ಮಾಡಿ, ಇವತ್ತು ಮನೆಗೆ ಕಳಿಸುತ್ತಾರೆಂದೂ, ಆದರೆ ಮನೆಯೊಳಗೆ 24 ಡಿಗ್ರಿ ಬಿಸಿ ಇರಬೇಕೆಂದೂ, ಅದರ ಫೋಟೋ ಮಧ್ಯಾಹ್ನ 3.30ರೊಳಗೆ ನರ್ಸಮ್ಮನಿಗೆ ತಲುಪದಿದ್ದರೆ ಸೋಮವಾರದವರೆಗೆ ಬಿಡುವುದಿಲ್ಲವೆಂದೂ ತಿಳಿಸಿದಳು. ಇನ್ನೆರಡು ದಿನ ಈ ಕುರ್ಚೀಲಿ ಕೂತಿರೋದು ನನ್ನ ಕೈಲಾಗಲ್ಲಮ್ಮಾ ಎಂದು ಅತ್ತಳು. ಆಗ ಮನೆಯಲ್ಲಿ 21 ಡಿಗ್ರಿ ಇತ್ತು. ಕೆಳಗಿನ ಕೋಣೆಯಲ್ಲಿದ್ದು ಮನೆಯನ್ನೆಲ್ಲ ಬೆಚ್ಚಗಿಡುವ ಹೀಟರನ್ನು ನಡೆಸುವ ಹಳೆಯ ಥರ್ಮೋಸ್ಟಾಟ್ ಗೋಡೆಯ ಮೇಲಿತ್ತು. ಅದರ ಗುಂಡಿ ತಿರುಗಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

9.15ಕ್ಕೆ ಭಾವ ಬಂದರು. ಕೈಯಲ್ಲಿ ಸ್ಮಾರ್ಟ್ ಥರ್ಮೋಸ್ಟಾಟಿನ ಡಬ್ಬಿ. ಮಗುವಿಗೆ ಉಡುಗೊರೆಯಂತೆ. ಭಾವ ಮೂವತ್ತು ವರ್ಷ ಕನ್ನಡಕ ಮಾರಿದವರು. ಆದರೂ ನಮ್ಮ ಬಳಗದಲ್ಲಿ ಅವರಿಗೆ ಇಂಜಿನಿಯರ್ ಎಂದೇ ಹೆಸರು. ನಿಮ್ಮ ದಮ್ಮಯ್ಯ ಭಾವ, ಇವತ್ತೊಂದಿನ ಬೇಡ ಎಂದೆ. ಅದೇನ್ ಮಹಾ, ನೀನು ಕಾಫಿ ಮಾಡೋಷ್ಟರಲ್ಲಿ ಮುಗಿಯುತ್ತೆ ಎಂದು ಸ್ಕ್ರೂ ಬಿಚ್ಚಿಯೇಬಿಟ್ಟರು.

ಹಳೆಯದಕ್ಕೆ ನಾಲ್ಕು ವೈರು ಸಾಕಿತ್ತು. ಹೊಸದಕ್ಕೆ ಸದಾ ಕರೆಂಟ್ ಬೇಕಾದ್ದರಿಂದ ಐದು. ಐದನೆಯ ನೀಲಿ ವೈರನ್ನು ಯಾರೋ ಗೋಡೆಯೊಳಗೆ ಮಡಚಿಟ್ಟಿದ್ದರು. ಮೇನ್ ಆಫ್ ಮಾಡಿ ಎಂದು ಎರಡು ಸಲ ಹೇಳಿದೆ. ಬರೀ ಇಪ್ಪತ್ತನಾಲ್ಕು ವೋಲ್ಟು, ಇರುವೆ ಕಚ್ಚಿದಷ್ಟೂ ಆಗಲ್ಲ, ಸುಮ್ನಿರು ನೀನು ಎಂದರು. 9.52ಕ್ಕೆ ನೀಲಿ ವೈರು ಕೆಂಪು ವೈರಿಗೆ ತಾಗಿ ಚಟ್ ಎಂದಿತು. ಕೆಳಗಿನ ಕೋಣೆಯಲ್ಲಿ ಹೀಟರ್ ನಿಂತಿತು. ಹೊಸದರ ಪರದೆ ಹತ್ತಲಿಲ್ಲ. ಹಳೆಯದನ್ನು ವಾಪಸ್ ಹಾಕಿದರೆ, ಅದು ಸೆಲ್ಲಿನ ಮೇಲೆ ನಡೆಯುವುದರಿಂದ ಡಿಗ್ರಿ ತೋರಿಸಿತೇ ಹೊರತು ಹೀಟರ್ ಏಳಲಿಲ್ಲ.

10.00ರಿಂದ 12.10ರವರೆಗೆ ಭಾವ ಗುಂಡಿಗಳನ್ನು ಒತ್ತಿದರು. ಕಂಪನಿಗೆ ಫೋನ್ ಮಾಡಿದ್ದು ನಾನು. 47 ನಿಮಿಷ ಸಂಗೀತ ಕೇಳಿಸಿದರು. ಕೊನೆಗೊಬ್ಬ ಹುಡುಗಿ, ಹೀಟರಿನ ಮುಚ್ಚಳ ಸರಿಯಾಗಿ ಕೂತಿದೆಯೇ, ಸ್ವಿಚ್ ಹಾಕಿದೆಯೇ ಎಂದು ಒಂದೊಂದಾಗಿ ಕೇಳಿದಳು. ಹದಿನಾಲ್ಕು ಮೆಟ್ಟಿಲನ್ನು ನಾನು ಏಳು ಸಲ ಹತ್ತಿಳಿದೆ. ಎಲ್ಲವೂ ಸರಿಯಾಗಿತ್ತು. ಭಾವ ಮೊದಲು ಕಂಪನಿ ಮಾಲೇ ಸರಿಯಿಲ್ಲ ಎಂದರು, ಆಮೇಲೆ ಮನೆ ವೈರಿಂಗೇ ಸರಿಯಿಲ್ಲ ಎಂದರು, ಆಮೇಲೆ ಗೋಡೆಯೇ ಸರಿಯಿಲ್ಲ ಎಂದರು. ತಮ್ಮ ಕೈ ಸರಿಯಿಲ್ಲ ಎಂದು ಮಾತ್ರ ಹೇಳಲಿಲ್ಲ. 12.40ಕ್ಕೆ ಊಟ ಮಾಡಿ, ನನ್ನ ಕಂಬಳಿ ಹೊದ್ದು ಸೋಫಾದ ಮೇಲೆ ಮಲಗಿದರು. ಮನೆ 17 ಡಿಗ್ರಿಗೆ ಇಳಿದಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

1.25ಕ್ಕೆ, ನಾನು ಫೋನ್ ಮಾಡಿ ಕರೆಸಿದ್ದ ಹೀಟರ್ ಮಿಸ್ತ್ರಿ ಬಂದರು. ಮೀಟರ್ ಹಿಡಿದು ಎರಡೇ ನಿಮಿಷದಲ್ಲಿ ಕಾರಣ ಹೇಳಿದರು: ಹೀಟರಿನೊಳಗೆ ಬೆರಳಿನ ಉಗುರಿನಷ್ಟಿರುವ ಕಂದು ಫ್ಯೂಸ್, ಐದು ಆಂಪಿಯರಿನದು, ಸುಟ್ಟಿತ್ತು. ಅವರ ಚೀಲದಲ್ಲಿ ಬೇರೆ ಇರಲಿಲ್ಲ. ಅಂಗಡಿ 6 ಕಿಲೋಮೀಟರ್. ಶನಿವಾರ ಒಂದಕ್ಕೇ ಮುಚ್ಚಿದರೆ ಮತ್ತೆ ತೆಗೆಯುವುದು ಸೋಮವಾರ. ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಳಬೇಡಿ ಅಕ್ಕಾ, ಇದೇ ಫ್ಯೂಸು ಕಾರಲ್ಲೂ ಇರುತ್ತೆ, ಸ್ಟೇರಿಂಗ್ ಕೆಳಗೆ, ಆದ್ರೆ ನಾನು ಬಸ್ಸಲ್ಲಿ ಬಂದಿದೀನಿ ಎಂದರು ಮಿಸ್ತ್ರಿ.

ಭಾವ, ಭಾವ ಎಂದು ಎರಡು ಸಲ ಕರೆದೆ. ರೀಸ್ಟಾರ್ಟ್ ಮಾಡು ಎಂದು ಮಗ್ಗುಲು ಬದಲಿಸಿದರು. ಮೂರನೇ ಸಲ ಕರೆಯಬಹುದಿತ್ತು, ಕರೆಯಲಿಲ್ಲ. ಟೇಬಲ್ಲಿನ ಮೇಲಿದ್ದ ಅವರ ಕಾರಿನ ಕೀಲಿ ತೆಗೆದುಕೊಂಡು ಹೊರಗೆ ಹೋಗಿ, ಓವರ್‌ಲಾಕ್ ಮೆಷಿನ್ನಿಗೆ ದಾರ ಪೋಣಿಸುವ ಚಿಮಟದಿಂದ 5 ಎಂದು ಬರೆದ ಕಂದು ಫ್ಯೂಸನ್ನು ಕಿತ್ತೆ. ಆಗ ಗಂಟೆ 1.50. ಅದು ಕಾರಿನ ಯಾವುದಕ್ಕೆ ಸೇರಿದ್ದೆಂದು ನನಗೆ ಗೊತ್ತಿರಲಿಲ್ಲ, ನೋಡುವ ಗೋಜಿಗೂ ಹೋಗಲಿಲ್ಲ. ಕಾರು ನಮ್ಮದೇ ಎಂದು ಮಿಸ್ತ್ರಿಗೆ ಹೇಳಿದೆ. ಅವರದೇನೂ ತಪ್ಪಿಲ್ಲ.

ಮಿಸ್ತ್ರಿ ಮೇನ್ ಆಫ್ ಮಾಡಿ, ಐದೂ ವೈರು ಸರಿಯಾಗಿ ಕೂರಿಸಿ, 2.05ಕ್ಕೆ ಆನ್ ಮಾಡಿದರು. ಹೊಸದರ ಪರದೆ ಹತ್ತಿತು. ನಾನು ಅದರ ಮುಂದೆಯೇ ನಿಂತಿದ್ದೆ. 2.30ಕ್ಕೆ ಸೆಕೆಯಾಗಿ ಭಾವ ಎದ್ದರು. ನೋಡಿದ್ಯಾ, ನಾನು ಹಾಕಿದ್ದು ತಾನಾಗೇ ಸರಿಹೋಯ್ತು, ಸುಮ್ನೆ ಮಿಸ್ತ್ರಿ ಕರೆಸಿದೆ ಎಂದರು. ಫ್ಯೂಸಿನ ವಿಷಯ ಹೇಳಬೇಕೆಂದಿದ್ದವಳು ಆ ಮಾತಿಗೆ ಬಾಯಿ ಮುಚ್ಚಿಕೊಂಡೆ. 3.22ಕ್ಕೆ 24 ತೋರಿಸಿತು. ಫೋಟೋ ಕಳಿಸಿದೆ. 3.40ಕ್ಕೆ ಭಾವ ಕಾರಿನಲ್ಲಿ ಹೊರಟರು.

4.45ಕ್ಕೆ ಅಳಿಯ ಟ್ಯಾಕ್ಸಿಯಲ್ಲಿ ಮಗಳನ್ನೂ ಮಗುವನ್ನೂ ಕರೆತಂದ. ತೂಕ ಎರಡು ಕೆಜಿ ನೂರು ಗ್ರಾಂ. 5.10ಕ್ಕೆ ಠಾಣೆಯಿಂದ ಫೋನ್ ಬಂದು, ನಿಮ್ಮ ಮನೆ ಮುಂದೆ ನಿಂತಿದ್ದ ಕಾರಿನ ಫ್ಯೂಸ್ ಕಳುವಾಗಿದೆ, ಅಪರಿಚಿತರು ಯಾರಾದರೂ ಓಡಾಡಿದ್ದರೇ ಎಂದು ಕೇಳಿದರು. ಅಪರಿಚಿತರು ಯಾರೂ ಇಲ್ಲ, ನಾನೇ ಎಂದೆ.

ಆ ಫ್ಯೂಸ್ ಕಾರಿನ ಹೀಟರಿನದೆಂದು ಇಲ್ಲಿಗೆ ಬಂದ ಮೇಲೆಯೇ ನನಗೆ ತಿಳಿಯಿತು. ಭಾವ 14 ಕಿಲೋಮೀಟರ್ ನಡುಗುತ್ತಾ ಹೋಗಿ, ಅಲ್ಲಿನ ಗ್ಯಾರೇಜಿನವನು ಫ್ಯೂಸ್ ಯಾರೋ ಕಿತ್ತಿದ್ದಾರೆಂದು ಹೇಳಿದ ಮೇಲೆ ನಡುಗುತ್ತಲೇ ವಾಪಸ್ ಬಂದು ದೂರು ಕೊಟ್ಟಿದ್ದಾರೆ. ಅದಕ್ಕೆ ನನಗೆ ಬೇಸರವಿದೆ, ಆದರೆ ಬಹಳ ಇಲ್ಲ. ಫ್ಯೂಸನ್ನು ಸಾಕ್ಷಿಯಾಗಿ ವಶಕ್ಕೆ ಪಡೆಯಬೇಕಾಗುತ್ತದೆ ಎಂದು ಸಾಹೇಬರು ಹೇಳಿದರು. ಅದನ್ನು ಕಿತ್ತರೆ ಮನೆ ಮತ್ತೆ 17ಕ್ಕೆ ಇಳಿಯುತ್ತದೆ. ಬೇಕಾದರೆ ನನ್ನನ್ನು ವಶಕ್ಕೆ ತೆಗೆದುಕೊಳ್ಳಿ, ಸೋಮವಾರದವರೆಗೆ ಅದನ್ನು ಮುಟ್ಟಬೇಡಿ.

ಈ ಮಾತು ಬರೆಯುವಾಗ ಬೆಂಚಿನ ಮೇಲಿದ್ದ ಭಾವ, ಮನೇಲಿ ಈಗ ಎಷ್ಟಿದೆ ಎಂದು ಕೇಳಿದರು. ಇಪ್ಪತ್ತನಾಲ್ಕು ಎಂದೆ. ಹಾಗಾದ್ರೆ ಫ್ಯೂಸು ಇದ್ದಲ್ಲೇ ಇರಲಿ, ದೂರು ಬೇಡ, ಮಗು ನೋಡ್ಕೊಂಡು ಹೋಗ್ತೀನಿ ಎಂದರು. ಬರಲಿ, ನನ್ನ ಅಭ್ಯಂತರವಿಲ್ಲ. ಆದರೆ ಗೋಡೆಯ ಮೇಲಿನ ಪೆಟ್ಟಿಗೆಯನ್ನು ಅವರು ಮುಟ್ಟತಕ್ಕದ್ದಲ್ಲ ಎಂದು ಇದರಲ್ಲೇ ಬರೆದು, ಅವರ ರುಜುವನ್ನೂ ಪಡೆಯಬೇಕೆಂದು ಕೋರುತ್ತೇನೆ.

ಬರೆದದ್ದನ್ನು ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಠಾಣೆಯ ಮುಂದಿನ ಕೋಣೆ
ದಿನ: ಶನಿವಾರ, ಸಂಜೆ 6.20

ರುಜು: ಟೈಲರಮ್ಮ

ಮುಟ್ಟುವುದಿಲ್ಲ.
ರುಜು: ಭಾವ