ಖಾಲಿ ಕೋಣೆಗೆ ಸುತ್ತು

ಒಬ್ಬ ಧಣಿ ಇದ್ದ, ತಾಯಂದಿರೇ. ಯಾವ ಊರಿನವನು ಅಂತ ಕೇಳಬೇಡಿ, ಹೇಳಿದರೆ ನಾಳೆಯೇ ಹೋಗಿ ಮಾತಾಡಿಸಿಕೊಂಡು ಬರುತ್ತೀರಿ! ಮೋಟಾರು ತಯಾರಿಸುವ ಕಾರ್ಖಾನೆ. ಅಪ್ಪ ಕಟ್ಟಿದ್ದು, ಮಗ ಬೆಳೆಸಿದ್ದು.

ಮಾಲು ಎತ್ತಿ ಲಾರಿಗೆ ತುಂಬುವ ಫೋರ್ಕ್‌ಲಿಫ್ಟ್ ಗಾಡಿಗಳನ್ನು ನೋಡಿದ್ದೀರಲ್ಲ? ಮೊದಲು ಅವು ಬ್ಯಾಟರಿಯಲ್ಲಿ ಓಡುತ್ತಿದ್ದವು. ಚಾರ್ಜ್ ಮಾಡಲೆಂದೇ ಅಪ್ಪ ಶೆಡ್ಡಿನ ನಟ್ಟನಡುವೆ ಒಂದು ಕೋಣೆ ಕಟ್ಟಿಸಿದ್ದ. ಮಗ ಏನು ಮಾಡಿದ? ಹೈಡ್ರೋಜನ್‌ನಿಂದ ಓಡುವ ಫ್ಯೂಯೆಲ್ ಸೆಲ್ ಗಾಡಿಗಳನ್ನು ತಂದ. ಹೊರಗೆ ಗ್ಯಾಸ್ ತುಂಬಿಸಿಕೊಂಡರೆ ಆಯಿತು, ಚಾರ್ಜಿಗೆ ಕಾಯುವ ತಾಪತ್ರಯವೇ ಇಲ್ಲ. "ಈ ಸುತ್ತಮುತ್ತ ಇನ್ಯಾರತ್ರ ಇದೆ ತೋರಿಸ್ರಿ!" ಎಂದು ಎದೆಯುಬ್ಬಿಸಿಕೊಂಡು ತಿರುಗಿದ. ತಪ್ಪೇನಿಲ್ಲ, ಹೆಮ್ಮೆ ಪಡುವಂಥದ್ದೇ.

ಆದರೆ ನೋಡಿ, ಮಾಲು ಮಾತ್ರ ಮೊದಲಿನ ಹಾಗೇ ತಡ. ಕೊಳ್ಳುವವರು ಖಡಾಖಂಡಿತವಾಗಿ ಹೇಳಿಬಿಟ್ಟರು: "ಇನ್ನೊಂದ್ಸಲ ತಡ ಆದ್ರೆ ನಾವು ಬೇರೆ ಕಡೆ ನೋಡ್ಕೋತೀವಿ ಸ್ವಾಮಿ." ಅಪ್ಪನ ಹೆಸರು ತನ್ನ ಕೈಯಲ್ಲಿ ಮುಳುಗುತ್ತದಲ್ಲಾ ಎಂದು ಧಣಿಗೆ ಅದೇ ಚಿಂತೆ.

ಒಂದು ಶುಕ್ರವಾರ ಅವನ ತಾಯಿ ಕಾರ್ಖಾನೆಗೆ ಬಂದರು. ಈಗ ಖಾಲಿ ಬಿದ್ದಿದ್ದ ಆ ಚಾರ್ಜಿನ ಕೋಣೆಯಲ್ಲಿ ಗಂಡನ ಫೋಟೋ ಇತ್ತು, ಅದಕ್ಕೆ ಹಾರ ಹಾಕುವುದು ಅವರ ವಾಡಿಕೆ. ಹೊರಗೆ ಬಂದರೆ ಗಾಡಿಗಳು ಕೋಣೆಯನ್ನು ಸುತ್ತಿಕೊಂಡು ಹೋಗುತ್ತಾ, ಒಂದಕ್ಕೊಂದು ಅಡ್ಡ ಬಂದು ಕಾಯುತ್ತಿವೆ.

"ಅಲ್ಲಪ್ಪಾ, ಇವೆಲ್ಲ ಯಾಕೆ ಸುತ್ತು ಹಾಕ್ತವೆ? ಪ್ರದಕ್ಷಿಣೆನಾ?"

"ಅಪ್ಪಾಜಿ ಕಟ್ಟಿಸಿದ ಕೋಣೆ ಅಮ್ಮಾ. ನಾನು ಹೆಂಗೆ ಕೆಡವ್ಲಿ?"

"ಕೆಲಸ ಬೇಗ ಸಾಗ್ಲಿ ಅಂತ ಕಟ್ಟಿಸಿದ್ರು ಕಣೋ ಅವರು! ನೀನು ದಾರಿಗಡ್ಡ ಇಟ್ಕೊಂಡು ಅವರ ಹೆಸರು ಹೇಳ್ತಿದೀಯಲ್ಲ!"

ಫೋಟೋವನ್ನು ತಾವೇ ಇಳಿಸಿ, ಸೆರಗಿನಿಂದ ಒರೆಸಿ, ಹೆಬ್ಬಾಗಿಲ ಮೇಲೆ ಹಾಕಿಸಿದರು. ಗೋಡೆಗೆ ಮೊದಲ ಏಟು ಧಣಿಯದೇ. ಕೋಣೆ ಹೋಯಿತು, ದಾರಿ ನೇರವಾಯಿತು. ಮುಂದಿನ ಮಾಲು ಹೇಳಿದ ಹೊತ್ತಿಗಿಂತ ಮುಂಚೆಯೇ ಹೊರಟಿತು! ಲಾರಿ ಗೇಟು ದಾಟುವಾಗ ಕೆಲಸಗಾರರು ಶಿಳ್ಳೆ ಹೊಡೆದರು. "ನಮ್ಮಪ್ಪನ ಕಾರ್ಖಾನೆ ಕಣ್ರೋ ಇದು!" ಎಂದು ಧಣಿ ಕೂಗಿದ. ಆಹಾ, ಹೆಮ್ಮೆ ಅಂದರೆ ಅದು!

ಈಗ ನಿಮ್ಮ ವಿಷಯಕ್ಕೆ ಬರೋಣ. ಹೊಸ ಮನೆ, ಹೊಸ ಕಾರು, ದಿನಾ ಪ್ರವಚನ, ಎಲ್ಲ ಸರಿ. ಆದರೆ ಅಪ್ಪ ಯಾವ ಕಾಲದಲ್ಲೋ ಚಿಕ್ಕಪ್ಪನ ಜೊತೆ ಮಾತು ಬಿಟ್ಟರು ಅಂತ ನೀವೂ ಬಿಟ್ಟಿಲ್ಲವೇ? ಅವರ ಮನೆ ಎದುರಾಗುತ್ತದೆಂದು ಇವತ್ತೂ ಹಿಂದಿನ ಬೀದಿ ಬಳಸಿಕೊಂಡು ಇಲ್ಲಿಗೆ ಬಂದಿಲ್ಲವೇ? ನಗಬೇಡಿ. ಜಗಳ ಆಡಿದವರೇ ಹೋದರು, ಇನ್ನು ಆ ಜಗಳ ಯಾರಿಗಾಗಿ? ಪ್ರಸಾದ ತೆಗೆದುಕೊಂಡು, ಹೋಗುವಾಗ ಮುಂದಿನ ಬೀದಿಯಲ್ಲೇ ಹೋಗಿ. ಆ ಬಾಗಿಲು ತಟ್ಟಿ. "ಚಿಕ್ಕಮ್ಮಾ, ಒಂದ್ಲೋಟ ಕಾಫಿ ಕೊಡ್ತೀರಾ?" ಅಂತ ಕೇಳಿ.