ಒಂದೇ ಮುಖದ ಎರಡು ಗೊಂಬೆ

ಬಂಗಾಳದ ಕೃಷ್ಣನಗರದ ಬಸ್ ಸಾಲಿನಲ್ಲಿ ನನ್ನ ಮುಂದೆ ಗೊಂಬೆ ಮಾಡುವವರ ಮನೆಯ ವಾರಗಿತ್ತಿಯರಿಬ್ಬರು ನಿಂತಿದ್ದರು. ಹಿರಿಯಳು ಕಿರಿಯಳಾದ ತೊರುವಿನ ಮುಂದಿದ್ದ ಬುಟ್ಟಿಯ ಹುಲ್ಲು ಸರಿಸಿದಳು. ಒಳಗೆ ಗೇಣುದ್ದದ ಇಬ್ಬರು ಮಣ್ಣಿನ ಮುದುಕಿಯರು. ಒಬ್ಬಳು ಆ ಕಡೆ ಅಕ್ಕರೆಯವರಿಗೆಂದೇ ಎತ್ತಿಡುವ ಮೀನಿನ ತಲೆ ಬಡಿಸುತ್ತಿದ್ದಳು, ಇನ್ನೊಬ್ಬಳು ಅದನ್ನು ಸೆರಗಿನಡಿ ಬಚ್ಚಿಟ್ಟುಕೊಂಡಿದ್ದಳು.

"ತೊರು, ಶಾಲೆಯವರು ಕೇಳಿದ್ದು ದಾನ ಒಂದು, ದುರಾಸೆ ಒಂದು. ನಿನ್ನ ಗಂಡ ಎರಡಕ್ಕೂ ಅತ್ತೆ ಮುಖಾನೇ ಇಟ್ಟಿದಾನಲ್ಲೇ."

"ಎದುರಿಗೆ ಕೂತಿದ್ದು ಅವರೊಬ್ರೇ, ದಿದಿ. ಇನ್ಯಾರ ಮುಖ ನೋಡಿ ಮಾಡ್ತಾರೆ?"

"ಬಚ್ಚಿಡೋಳಿಗೆ ಸರಿಯಾಗೇ ಇದೆ ಬಿಡು. ಹದಿನೆಂಟು ವರ್ಷದಲ್ಲಿ ನನ್ನ ತಟ್ಟೆಗೆ ಒಂದು ತಲೇನೂ ಬಿದ್ದಿಲ್ಲ."

"ನಿಮಗದು ಸೇರಲ್ಲ ಅಂತ ನನಗೆ ಹಾಕ್ತಾರಲ್ಲ."

"ಸೇರಲ್ಲ ಅಂತ ಯಾರು ಹೇಳಿದ್ದು?"

"ನೀವೇ ಅಂತೆ. ಬಂದ ಮೊದಲನೇ ದಿನ ಬೇಡ ಅಂದ್ರಂತೆ. ಇವತ್ತಿಗೂ ಅತ್ತೆ ಅದನ್ನ ನಿಮ್ಮ ಕಣ್ಣಿಗೆ ಬೀಳದ ಹಾಗೆ ಮುಚ್ಚಿಡ್ತಾರೆ."

"ಹೊಸ ಸೊಸೆ ಕಣೇ, ನಾಚಿಕೆಗೆ ಅಂದಿದ್ದೆ."

ಹಿರಿಯಳು ಬುಟ್ಟಿಯತ್ತ ಬಾಗಿ ಎರಡು ಮುಖವನ್ನೂ ಮತ್ತೆ ನೋಡಿದಳು.

"ದುರಾಸೆ ಯಾವುದು ಅಂತ ಶಾಲೇಲಿ ಕೇಳಿದ್ರೆ ನೀನೇ ಹೇಳು. ನನಗೀಗ ತಿಳೀತಿಲ್ಲ."

ಬಸ್ ಬಂತು. ತೊರು ಬುಟ್ಟಿ ಎತ್ತಿಕೊಂಡಳು. ಹಿರಿಯಳು ಬಚ್ಚಿಡುವ ಮುದುಕಿಯನ್ನು ಮಾತ್ರ ಹೊರತೆಗೆದು, ತನ್ನ ಸೆರಗಿನಡಿ ಇಟ್ಟುಕೊಂಡು ಹತ್ತಿದಳು.